ಶೇವಂಡದ ಡಬ್ಬಿ

ಬೆರಳು ಅಂಟಿಕೊಂಡಾವ ಡಬ್ಬಿಗಿ, ಬಿಡವಲ್ಲವು, ಎಳದ್ರ ತೊಗಲ ಕಿತ್ತು ಬರತೈತೇನೋ, ಬರ್ಲಿ, ನೋವು ಎಲ್ಲಿ ಐತಿ, ಥಂಡೀನೂ ಗೊತ್ತಾಗವಲ್ದು, ಬರೇ ನೋಡಾಕತ್ತೇನಿ ನನ್ನ ಬೆರಳ ನಾನ, ಬ್ಯಾರೇದವ್ರ ಬೆರಳ ನೋಡಿಧಂಗ, ತುದಿಗಿ ತಂಬಾಕಿನ ಹಳದಿ ಕಲಿ, ಇಪ್ಪತ್ತ ವರ್ಷದ್ದು, ಬೂದಿ ಹಚ್ಚಿ ತಿಕ್ಕಿದ್ರೂ ಹೋಗಿಲ್ಲ — ಡಬ್ಬಿ ಮ್ಯಾಲ ಬರ್ಫ ಜ್ವಾಳದ ಹಿಟ್ಟು ಉದುರಿಸಿಧಂಗ ಕುಂತೈತಿ, ಸೆರಗಿನಿಂದ ಒರಸಿದ್ರ ಕೆಳಗ ಕೆಂಪನ ಚಿತ್ರ, ಉದ್ದನ ಮೀಸಿ, ಹೊಟ್ಟಿ ಬುಡಕ ಸಾಲ ಕಾಲು, ಬೆನ್ನ ತುಂಬ ಮುಳ್ಳು, ಇದ ಶೇವಂಡ, ಸಮುದ್ರದ್ದು, ನಮ್ಮ ಹೊಳಿ ಏಡಿಗಿ ದೊಡ್ಡಪ್ಪ ಇರಬೇಕು, ಇಲ್ಲೀತನಕ ನಾ ಇದನ್ನ ಜೀವಂತ ನೋಡಿಲ್ಲ, ಸತ್ತದ್ದೂ ನೋಡಿಲ್ಲ, ನಿಪ್ಪಾಣ್ಯಾಗ ಯಾರು ನೋಡ್ಯಾರ. ಇದನ್ನ ತಣ್ಣೀರಾಗ ಇಡ್ರಿ ಮಾವಶಿ, ಬಿಸಿನೀರ ಸೋಕಸಬ್ಯಾಡ್ರಿ, ಒಮ್ಮೆ ಕರಗಿತಂದ್ರ ಇವತ್ತ ತಿಂದು ಮುಗಸಬೇಕು, ನಾಳೆಗಿ ಇಟ್ರ ವಿಷ, ಕೋಲ್ಹಾಪುರದ ಬರ್ಫಿನ ಅಂಗಡ್ಯಾಂವ ಮರಾಠ್ಯಾಗ ಎರಡೆರಡ ಸರ್ತಿ ಹೇಳ್ಯಾನ, ನನ್ನ ಮಾರಿ ನೋಡಿ ಮೂರನೇ ಸರ್ತಿನೂ ಹೇಳಿದ, ದೊಡ್ಡ ಹೋಟೆಲ್ಲಿನವ್ರು ಒಯ್ತಾರ ಇದನ್ನ, ನೀವು ಯಾರ ಸಲುವಾಗಿ ಒಯ್ಯಾಕತ್ತೀರಿ ಅಂದ, ನಾ ರೊಕ್ಕಾ ಎಣಿಸಿ ಕೊಟ್ಟೆ, ಗರಗಸದ ಹೊಟ್ಟಿನ್ಯಾಗ ಬರ್ಫ ಹಾಕಿ, ಅದರ ನಡುವ ಡಬ್ಬಿ ಇಟ್ಟು, ಗೋಣಿ ತಟ್ಟ ಸುತ್ತಿ ಕೊಟ್ಟ, ಹಸಗೂಸಿನಂಗ ತೊಡಿ ಮ್ಯಾಲ ಇಟಗೊಂಡ ಬಸ್ಸಿನ್ಯಾಗ ಕುಂತೆ, ಕಾಗಲ ದಾಟೂತನ ನೀರು ಸೋರಿ ಸೀರಿ ತೋದಿತ್ತು, ಏನೈತ್ರಿ ಅದರಾಗ ಅಂತ ಕಂಡಕ್ಟರ ಕೇಳಿದ, ಔಷಧ ಅಂದೆ, ಸುಳ್ಳೇನಲ್ಲ ಅದು, ಡಾಕ್ಟರ ಹೇಳ್ಯಾರ, ಏನರೆ ತಿನ್ಸರಿ, ಏನ ಒಪ್ಪತಾರ ಅದನ್ನ ತಿನ್ಸರಿ, ಇನ್ನೊಂದ ವಾರ ಹಿಂಗ ಬಿಟ್ರ ಮೂಗಿನ್ಯಾಗ ನಳಿ ಹಾಕಬೇಕಾಗತೈತಿ, ಅದಕ್ಕ ಬೆಳಗಾವಿಗಿ ಒಯ್ಯಬೇಕು, ಒಯ್ದ್ರೂ ಮನುಷ್ಯಾ ತಿರಗಿ ಬರತಾರಂತ ನಾ ಹೇಳೂದಿಲ್ಲ.

ಮೂರು ತಿಂಗಳಾತು ನನ್ನ ಮಾಲಕರು, ನನ್ನ ಗಂಡ, ಮನಿಗಿ ಬಂದು, ಬಂದು ಅಂದ್ರ ತಂದು ಹಾಕಿದ್ದು, ರತ್ನಾಗಿರಿ ಕಾರ್ಖಾನಿ ಜೀಪಿನ್ಯಾಗ, ಇಬ್ರು ತಲಿ ಕಡೆ, ಒಬ್ಬಂವ ಕಾಲ ಕಡೆ ಹಿಡದ ಇಳಿಸಿದ್ರು, ಲಕ್ವಾ ಹೊಡದೈತ್ರಿ, ಬಲಗೈ ಬಲಗಾಲ ಹೋಗ್ಯಾವ, ಮಾತ ಹೋಗೈತಿ, ಎಂಟ ದಿನಾ ಅಲ್ಲೇ ಆಸ್ಪತ್ರ್ಯಾಗ ಇದ್ರು ಅಂದ್ರು. ಎಂಟ ದಿನಾ ನನಗ ಯಾಕ ಹೇಳ್ಲಿಲ್ಲ ಅಂತ ಕೇಳಬೇಕಾಗಿತ್ತು ನಾ, ಎಂಟ ದಿನಾ ಬಾಯಿಗಿ ನೀರು ಹಾಕಿದವ್ರು ಯಾರು ಅಂತ ಕೇಳಬೇಕಾಗಿತ್ತು, ಕೇಳ್ಲಿಲ್ಲ, ಚಾ ಮಾಡಿ ಕೊಟ್ಟೆ, ಸಕ್ಕರಿ ಸಾಕೇನು ಅಂದೆ. ಜೊತಿಗಿ ಒಂದ ಅರಬಿ ಗಂಟ ಕೊಟ್ಟು ಹೋದ್ರು, ಬಿಚ್ಚಿದ್ರ ಎಲ್ಲಾ ಒಗದು ಮಡಚಿದ್ದು, ಅಂಗಿಯ ಗುಂಡಿ ಒಂದೂ ಹೋಗಿದ್ದಿಲ್ಲ. ಎಪ್ಪತ್ತೇಳರಾಗ ಹೋಗಿದ್ರು ಅಲ್ಲಿಗಿ, ಹದಿನಾರ ವರ್ಷ, ಮೀನ ಶೇವಂಡ ಸ್ವಚ್ಛ ಮಾಡಿ ಡಬ್ಬಿಗಿ ತುಂಬಿ ಬರ್ಫ ಮಾಡೂ ಕಾರ್ಖಾನಿ, ಎರಡ ತಿಂಗಳಿಗೊಮ್ಮೆ ಬರತಿದ್ರು, ಮೂರ ದಿನಾ ಇರತಿದ್ರು, ಹೊಸದಾಗಿದ್ದಾಗ ನಾ ಕೇಳತಿದ್ದೆ, ನಾನೂ ಬರ್ಲೇನು ಅಂತ, ಅಲ್ಲೇನ ಮಾಡ್ತಿ ನೀ, ಒಂದ ಖೋಲ್ಯಾಗ ಎಂಟ ಗಂಡಸರು ಮಲಗತೇವಿ, ಮೆಸ್ಸಿನ್ಯಾಗ ಅನ್ನಾ ಬ್ಯಾಳಿ ತಿಂತೇವಿ ಅಂದಿದ್ರು, ಆಮ್ಯಾಲ ನಾ ಕೇಳೂದ ಬಿಟ್ಟೆ, ನನಗ ತಂಬಾಕಿನ ವಖಾರ್ಯಾಗ ಕೂಲಿ ಇತ್ತು, ಮುಂಜಾನಿ ಹೋದ್ರ ಸಂಜಿತನ ತಂಬಾಕ ಕುಟ್ಟೂದು, ಜಾಳಿಸೂದು, ಮಾರಿಗಿ ಅರಬಿ ಕಟಗೊಂಡ್ರೂ ಧೂಳ ಒಳಗ ಹೋಗತೈತಿ, ಮೂಗ ಯಾವತ್ತ ಸತ್ತಿತು ನೆನಪಿಲ್ಲ, ಒಂದಿನ ಹಾಲ ಉಕ್ಕಿ ಹೊತ್ತಿ ಕರ್ರಗಾದ್ರೂ ವಾಸನಿ ಬರ್ಲಿಲ್ಲ, ಅವತ್ತ ಗೊತ್ತಾತು. ಹೆಸರ ಮಾತ್ರ ಸುಗಂಧಾ. ಮಕ್ಕಳಾಗ್ಲಿಲ್ಲ ನಮಗ, ಎರಡ ಹೊಟ್ಟ್ಯಾಗ ಹೋದ್ವು, ಎರಡನೇದು ಹೋದಾಗ ಇವ್ರು ರಜಾ ಹಾಕಿ ಬಂದು ಜಗಲಿ ಮ್ಯಾಲ ಕುಂತು ಬೀಡಿ ಸೇದಿದ್ರು, ಹೋಗ್ಲಿ ಬಿಡು ಅಂದ್ರು, ನಾನೂ ಬಿಟ್ಟೆ.

ಬೋಗಾಣ್ಯಾಗ ನೀರ ಬದಲಿಸಬೇಕು, ಥಂಡಿ ಆಗಿರಬೇಕದು, ಕೈಗಿ ತಿಳಿಯವಲ್ದು. ಒಳಗಿನ ಖೋಲಿಯಿಂದ ಹೊರಸಿನ ಸಪ್ಪಳ, ಎಡಗೈಲೆ ಕಟ್ಟಿಗಿ ಬಡಿಯಾಕತ್ತಾರ, ಬಂದ್ನಿರಿ, ಬಂದೆ. ಬಾಯಾಗ ಒಂದ ಮಾತ ಉಳದೈತಿ ಇವರಿಗಿ, ಶೇ, ಶೇ, ಅಷ್ಟ, ನನ್ನ ಹೆಸರಲ್ಲ, ನೀರಲ್ಲ, ಶೇ. ಶೇಂಗಾ ಬೇಕೇನೋ ಅಂತ ಹುರದು ನುಣ್ಣಗ ಅರದು ಬೆಲ್ಲಾ ಕಲಿಸಿ ಒಯ್ದೆ, ಹಲ್ಲ ಕಚ್ಚಿ ಮಾರಿ ಗ್ವಾಡಿ ಕಡೆ ತಿರಿವಿದ್ರು, ಶ್ಯಾವಿಗಿ ಇರಬೇಕಂತ ಹಾಲ ಹಾಕಿ ಬೇಯ್ಸಿ ಒಯ್ದೆ, ಎಡಗೈಲೆ ತಾಟ ತಳ್ಳಿದ್ರು, ಹಾಲ ಹಾಸಿಗಿ ತುಂಬ. ಅಂಬಲಿ ಬ್ಯಾಡ, ಅನ್ನಾ ಬ್ಯಾಡ, ಮಟನ್ನಿನ ರಸಾ ಬ್ಯಾಡ, ಮೂರ ತಿಂಗಳಾಗ ಗಲ್ಲಾ ಒಳಗ ಹೋಗಿ ಹಲ್ಲ ಹೊರಗ ಬಂದ್ವು, ನಾ ಕೈಯಾಗ ಚಮಚ ಹಿಡಕೊಂಡ ಕುಂದರತಿದ್ದೆ, ಹಾಕೂದು, ಅದು ಕಟಬಾಯಿಲಿಂದ ಇಳಿಯೂದು, ಒರಸೂದು, ಮತ್ತ ಹಾಕೂದು, ಒಂದೆರಡ ಗುಟಕ ಒಳಗ ಹೋದ್ರ ಅದರ ಮ್ಯಾಲ ಜೀವಾ, ಸಿಟ್ಟು ಬರತಿದ್ದಿಲ್ಲ, ಕರುಣಾನೂ ಬರತಿದ್ದಿಲ್ಲ, ವಖಾರ್ಯಾಗ ತಂಬಾಕ ಜಾಳಿಸಿಧಂಗ, ಕೈ ಕೆಲಸಾ ಕೈ ಮಾಡೂದು. ಬಾಜೂ ಮನಿ ಚಂದ್ರಮತಿ, ಸಮುದ್ರದ ದಂಡಿ ಮಾಲವಣದಾಕಿ, ಎಸ್.ಟಿ. ಡ್ರೈವರನ ಹೆಂಡತಿ, ಮೊನ್ನೆ ಸಕ್ಕರಿ ಕೇಳಾಕ ಬಂದಾಕಿ ಬಾಗಲದಾಗ ನಿಂತು ಕಿವಿ ಕೊಟ್ಟು ಕೇಳಿದ್ಲು, ವೈನಿ, ಅದು ಶೇಂಗಾ ಅಲ್ರಿ, ಶೇವಂಡ ಅನ್ನಾಕತ್ತಾರ ನಿಮ್ಮ ಮಾಲಕರು, ನೋಡ್ರಿ ಅಂತ ಹೊರಸಿನ ಹತ್ರ ಹೋಗಿ, ದಾದಾ, ಶೇವಂಡ ಪಾಯಜೆ ಕಾ, ಶೇವಂಡ ಬೇಕೇನು ಅಂದ್ಲು, ಇವರ ಕಣ್ಣು ಆಕಿ ಕಡೆ ತಿರಗಿದ್ವು, ನೀರ ಬಂದ್ವು ಕಣ್ಣಾಗ, ಮೂರ ತಿಂಗಳಾಗ ನಾ ನೋಡದ ನೀರ ಆಕಿ ಒಂದ ಮಾತಿಗಿ ಬಂದ್ವು. ನನಗ ಅವಾಗೂ ಏನೂ ಅನಸ್ಲಿಲ್ಲ, ಒಂದ ಮಾತ ಮಾತ್ರ ತಲ್ಯಾಗ ನಿಂತಿತು, ಇವರ ಹೇಳಿದ್ದು, ನಾವು ಬರೇ ತುಂಬೂದು ಸುಗಂಧಾ, ತಿನ್ನೂದಿಲ್ಲ, ಎಲ್ಲಾ ಪರದೇಶಕ್ಕ ಹೋಗತೈತಿ, ಒಂದ ತುಣಕ ಬಾಯಾಗ ಹಾಕಿದ್ರ ನೌಕರಿ ಹೋಗತೈತಿ ಅಂದಿದ್ರು. ತಿನ್ನಲಾರದ್ದನ್ನ ಮನುಷ್ಯಾ ಹೆಂಗ ಬೇಡ್ತಾನ. ಇರಲಿ, ಹದಿನಾರ ವರ್ಷ ನೋಡಿ ನೋಡಿ ಆಸೆ ಆಗಿರಬೇಕು ಅಂದುಕೊಂಡೆ, ಅಂದುಕೊಂಡು ಇವತ್ತ ಮೊದಲನೇ ಬಸ್ಸ ಹಿಡದು ಕೋಲ್ಹಾಪುರಕ್ಕ ಹೋದೆ, ಚಂದ್ರಮತಿ ಇವರನ್ನ ನೋಡಕೊಂಡ್ಲು.

ಡಬ್ಬಿ ಕೊರಿಯೂದು ನನಗ ಬರೂದಿಲ್ಲ, ಈಳಗಿ ತುದಿ ಇಟ್ಟು ಕಲ್ಲಿಲೆ ಕುಟ್ಟಿ ಕುಟ್ಟಿ ಬಾಯಿ ತಗದೆ, ಹೆಬ್ಬೆರಳ ಕೊಯ್ದು ರಗತ ಬಂತು, ರಗತ ನೋಡಿ ಕೊಯ್ದದ್ದ ತಿಳೀತು. ಒಳಗ ಬಿಳೇ ಮಾಂಸ, ನಡುನಡುವ ಕೆಂಪನ ಗೆರಿ, ಮ್ಯಾಲಿನ ಅರ್ಧ ಬಿಟ್ಟಿತು, ಕೆಳಗಿನ ಅರ್ಧ ಇನ್ನ ಕಲ್ಲ. ಮ್ಯಾಲಿಂದ ತಗೊಂಡು ಸ್ಟೋವ್ ಪಂಪ ಹೊಡದು ಉಳ್ಳಾಗಡ್ಡಿ ಬೆಳ್ಳೊಳ್ಳಿ ಹುರದು ಎರಡ ಚಮಚ ಮಸಾಲಿ ಖಾರ ಹಾಕಿದೆ, ಮಟನ್ನಿಗಿ ಹಾಕಿಧಂಗ, ಬ್ಯಾರೆ ಏನ ಬರತೈತಿ ನನಗ, ತವರ ಸದಲಗಿಯೊಳಗ ನಮ್ಮವ್ವ ಹೊಳೆವ್ವ ದೂಧಗಂಗಾ ಹೊಳಿಯ ಏಡಿ ಹಿಂಗ ಮಾಡತಿದ್ಲು, ಕಪ್ಪ ಏಡಿ ಕುದಿಯೂತ್ಲೆ ಕೆಂಪಾಗೂದು, ನಾವು ಸುತ್ತ ಕುಂತು ನೋಡತಿದ್ವಿ, ಅವಾಗ ವಾಸನಿ ಬರತಿತ್ತು ನನಗ, ಬಂದಿರಬೇಕು. ತಾಟಿನ್ಯಾಗ ಹಾಕಿ ನುರಿಸಿ ಒಯ್ದೆ, ರೀ, ಶೇವಂಡ ಮಾಡೇನಿ ನೋಡ್ರಿ ಅಂದೆ, ತಲಿ ಎತ್ತಿದ್ರು, ಎಡಗೈಲೆ ನನ್ನ ಮುಂಗೈ ಹಿಡದ್ರು, ಎಷ್ಟ ವರ್ಷಾತು ಹಿಡದು, ಒಂದ ತುತ್ತ ಇಟ್ಟೆ — ಒಂದ ಗಳಿಗಿ ಇಟಗೊಂಡ್ರು, ಆಮ್ಯಾಲ ಉಗುಳಿದ್ರು, ನನ್ನ ಸೆರಗಿನ ಮ್ಯಾಲ, ಕೆಂಪಗ, ಮಾರಿ ಮತ್ತ ಗ್ವಾಡಿ ಕಡೆ. ಆತು ಅಂದುಕೊಂಡೆ, ಇಷ್ಟ, ನಾಳೆ ಬೆಳಗಾವಿ, ನಳಿ, ಆಮ್ಯಾಲ ಅದೂ ಇಲ್ಲ. ಸೆರಗ ಒರಸಿಕೊಂತ ಅಡಗಿ ಮನಿಗಿ ಬಂದ್ರ ಚಂದ್ರಮತಿ ಸ್ಟೋವಿನ ಮುಂದ ನಿಂತಾಳ, ವಾಸನಿಗಿ ಬಂದ್ನಿರಿ ವೈನಿ, ಇಷ್ಟ ಖಾರಾ ಹಾಕಿ ಅದರ ಜೀವಾ ತಗದೀರಲ್ರಿ, ಶೇವಂಡಕ್ಕ ಇದೆಲ್ಲ ನಡಿಯೂದಿಲ್ಲ, ಉಳದದ್ದ ಐತೇನು, ಕರಗಿತೇನು, ತರ್ರಿ ಇಲ್ಲೆ, ಒಂದ ತೆಂಗಿನಕಾಯಿ ಒಡೀರಿ ಅಂದ್ಲು.

ಆಕಿ ಹೇಳಿಧಂಗ ಮಾಡಿದೆ, ಕೈ ನನ್ನವು, ಮಾತ ಆಕೀದು, ಕಾಯಿ ತುರದು ಹಿಂಡಿ ಹಾಲ ತಗದು, ಎರಡ ಹಸಿಮೆಣಸಿನಕಾಯಿ ಸೀಳಿ, ತುಸು ಅರಿಸಿಣ, ಹುಳಿಗಿ ಆಮಸೂಲ ಆಕಿ ತನ್ನ ಮನಿಯಿಂದ ತಂದ್ಲು, ತವರಿನಿಂದ ಬಂದದ್ದು, ನಾಲ್ಕ ಹೋಳ ಸಾಕ್ರಿ, ಮಾಂಸ ಕಡೀಕ ಹಾಕ್ರಿ, ಬಾಳ ಕುದಿಸಿದ್ರ ಚರ್ಮ ಆಗತೈತಿ, ಹಂಗ, ಇಳಸ್ರಿ. ನಮ್ಮ ಕಡೆ ಎಲ್ಲಾರ ಮನ್ಯಾಗೂ ಹಿಂಗ ಮಾಡ್ತಾರ್ರಿ, ಇದರ ವಾಸನಿಗಿ ಹುಡುಗ್ರು ಓಡಿ ಬರ್ತಾವ ಅಂದ್ಲು, ಹೆಂಗೈತಿ ವಾಸನಿ ಅಂತ ಕೇಳಿದೆ ನಾ, ಆಕಿ ನಕ್ಳು, ಹೆಂಗ ಹೇಳ್ಲಿರಿ, ಮನಿ ವಾಸನಿ ಇದ್ಧಂಗ ಐತಿ ಅಂದು ಹಾಲ ಕಾಸಾಕ ತನ್ನ ಮನಿಗಿ ಹೋದ್ಲು. ಮೆತ್ತಗ ಮಾಡಿದ ಅನ್ನಾ ಕಲಿಸಿದೆ, ಹಳದಿ ಬಣ್ಣ, ಹೊರಸಿನ ಅಂಚಿಗಿ ಕುಂತೆ, ಏನೂ ಹೇಳ್ಲಿಲ್ಲ ಈ ಸರ್ತಿ, ತುತ್ತ ತುಟಿಗಿ ಮುಟ್ಟಿಸಿದೆ ಅಷ್ಟ — ಬಾಯಿ ತಗದ್ರು. ನಾ ತಗಸಿದ್ದಲ್ಲ, ತಾವ ತಗದ್ರು. ನುಂಗಿದ್ರು, ಗಂಟಲ ಮಣಿ ಮ್ಯಾಲ ಹೋಗಿ ಕೆಳಗ ಬಂತು, ನಾ ನೋಡಿದೆ, ಮತ್ತ ಬಾಯಿ ತಗದ್ರು, ಮತ್ತ ಇಟ್ಟೆ, ಐದ ತುತ್ತ, ಆರ ತುತ್ತ, ಉಳಿತಾರ ಇವ್ರು, ಬೆಳಗಾವಿಗಿ ಹೋಗೂದು ಬ್ಯಾಡ, ನಳಿ ಬ್ಯಾಡ, ಕಣ್ಣ ಮುಚ್ಯಾರ, ಮಾರಿ ಮ್ಯಾಲಿನ ಸುಕ್ಕು ಒಂದೊಂದ ಬಿಚ್ಚಾಕತ್ತಾವ, ಹರೇದಾಗ ಹಿಂಗಿದ್ರು, ಆ ಮಾರಿ ನನಗ ಮರತಿತ್ತು, ಅಕ್ಕೂ ಅಂದ್ರು. ಅಕ್ಕಾ ಅಂದ್ರೇನೋ, ಇವರಿಗಿ ಅಕ್ಕ ಇಲ್ಲ, ಅಕ್ಕೂ, ಪೋರ ಜೇವಲೀ ಕಾ. ಒಂದೂ ಅಕ್ಷರ ತೊದಲ್ಲಿಲ್ಲ. ಮೂರ ತಿಂಗಳ ಶೇ ಅನ್ನಾಕ ಒದ್ದಾಡಿದ ನಾಲಿಗಿ ಎಣ್ಣಿ ಹಚ್ಚಿಧಂಗ ಹೊಳ್ಳಿತು, ನನ್ನ ಕೂಡ ಕನ್ನಡ ಬಿಟ್ಟು ಬ್ಯಾರೆ ಆಡದವ್ರು ಮರಾಠ್ಯಾಗ ಕೇಳಿದ್ರು, ಅಕ್ಕೂ, ಹುಡುಗಿ ಉಂಡಳೇನು.

ಎಲ್ಲಾ ಮಾತ ಹೋಗ್ಯಾವ, ಇದೊಂದ ಉಳದೈತಿ, ದಿನಾ ಸಂಜಿಕಿ ಅಂದು ಅಂದು ಸವದ ಮಾತು, ದುಡದು ಬಂದು, ಕಾಲ ತೊಳಕೊಂಡು, ತಾಟಿನ ಮುಂದ ಕುಂತು, ತಾ ಕೈ ಹಚ್ಚೂಕಿಂತ ಮದಲ ಕೇಳೂ ಮಾತು, ಅಕ್ಕೂತಾಯಿಯೋ ಅಕ್ಕೂಬಾಯಿಯೋ ಆಕಿ, ಹೂಂ ಅಂದಿರಬೇಕು, ಹುಡುಗಿಗಿ ಎಷ್ಟ ವರ್ಷ, ಸಾಲಿಗಿ ಹೋಗತೈತೇನು, ಅಪ್ಪ ಎಲ್ಲಿ ಅಂತ ಕೇಳತೈತೇನು, ಎಂಟ ದಿನಾ ಬಾಯಿಗಿ ನೀರ ಹಾಕಿದಾಕಿ, ಅಂಗಿ ಗುಂಡಿ ಹಚ್ಚಿದಾಕಿ, ಅರಬಿ ಮಡಚಿ ಗಂಟ ಕಟ್ಟಿ ಜೀಪಿನ್ಯಾಗ ಇಟ್ಟಾಕಿ, ಮಡಚೂ ಮುಂದ ಅತ್ತಿರಬೇಕು, ಇಲ್ಲಾ ಆಕೀಗೂ ಅಳು ಬಂದಿರಲಿಕ್ಕಿಲ್ಲ. ನನಗ ಬರವಲ್ದು. ಎದಿಯೊಳಗ ಕೈ ಹಾಕಿ ಹುಡುಕಿಧಂಗ ಹುಡುಕಾಕತ್ತೇನಿ, ಸಿಟ್ಟು ಎಲ್ಲೈತಿ, ಇಲ್ಲ, ಎದ್ದು ಹೋಗಬೇಕು, ತಾಟ ಹೊರಗ ಒಗೀಬೇಕು, ಚಂದ್ರಮತೀನ ಕರದು ಕೇಳಬೇಕು ನಾ ಕೇಳಿದ್ದು ಖರೇ ಐತೇನು ಅಂತ, ಚಮಚ ಹಿಡಕೊಂಡ ಕುಂತೇನಿ. ಇವ್ರು ಇನ್ನೂ ಕಣ್ಣ ಮುಚ್ಚ್ಯಾರ, ಉತ್ತರ ಬರೂತನ ಮುಂದಿನ ತುತ್ತ ತಗೊಳ್ಳೂದಿಲ್ಲ, ತುಟಿ ಮುಚ್ಚ್ಯಾರ, ಅಕ್ಕೂ, ಮತ್ತ ಕೇಳಿದ್ರು, ಪೋರ ಜೇವಲೀ ಕಾ, ದನಿಯೊಳಗ ಸಣ್ಣ ಅಂಜಿಕಿ, ಹುಡುಗಿ ಉಪವಾಸ ಐತೇನೋ ಅಂತ, ಹಸ್ತಕೊಂಡ ಮಲಗಿತೇನೋ ಅಂತ, ತಾಟಿನ್ಯಾಗ ಇನ್ನೂ ಅರ್ಧ ಐತಿ, ಇವತ್ತ ಮುಗಸಬೇಕು, ಚಮಚದಾಗಿನ ತುತ್ತ ಆರಾಕತ್ತೈತಿ, ಇವರ ತುಟಿ ನಡಗಾಕತ್ತಾವ, ಯಾರರೆ ಹೇಳಬೇಕು, ಇಲ್ಲಿ ಇರೂದು ನಾನೊಬ್ಬಾಕಿ, ಜೇವಲೀ, ಅಂದೆ. ಉಂಡಳ್ರಿ. ಜೇವಲೀ. ಹಂಗ ಅಂದದ್ದ ತಡ ಬಾಯಿ ತಗದ್ರು, ಇಷ್ಟಗಲ, ಮ್ಯಾಲಿನ ಸಾಲಿನ್ಯಾಗ ಒಂದ ಹಲ್ಲಿಲ್ಲ, ನಾಲಿಗಿ ಮ್ಯಾಲ ಹಳದಿ ಅಗುಳ, ಕೆಳತುಟಿಗಿ ಒಂದ ಅಗುಳ, ಬಾಯಿ ತಗದಾರ, ಕಣ್ಣ ಮುಚ್ಚಿ, ಕಾಯಾಕತ್ತಾರ, ಬಾಯಿ ತಗದಾರ —