ಅರ್ಜಂಟ ಅನ್ನೋ ಮಾತು

ಆವತ್ತು ಮುಂಜಾನೆ ಹೊನವಾಡದ ಮೇಲೆ ಮೋಡ ಕಂಬಳಿ ಹೊದ್ದು ಮಲಗಿತ್ತು. ಮಳೆಯೂ ಇಲ್ಲ, ಗಾಳಿಯೂ ಇಲ್ಲ. ಗೌಡರ ಮನೆಯ ಮುಂದಿನ ಬೇವಿನಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಒಲೆಯ ಹೊಗೆ ಬೆಳಕಿಂಡಿಯಿಂದ ಹೊರಬಂದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮಾಳಿಗೆಯ ಮೇಲೇ ಕೂತಿತ್ತು. ಜರ್ಮನ್ ಲಡಾಯಿ ಶುರುವಾದ ಮೇಲೆ ಅದು ನಾಲ್ಕನೇ ಶ್ರಾವಣ.

"ಲೇ ಅಮೋಘಿ, ಸತ್ತೇನಲೇ ಹಲ್ಕಟ್? ಲಾರಿ ಬಂದು ಒಂದ ತಾಸ ಆತು. ಹಗೇವು ತಗಸೋ ಸೂಳೆಮಗನ, ಅರ್ಜಂಟ ಐತಿ!"

ಕೂಗಿದವನು ಸರಕಾರಕ್ಕೆ ಕೊಡಲೇಬೇಕಾದ ಲೆವ್ಹಿ ಜೋಳ ಒಯ್ಯಲು ವಿಜಾಪುರದಿಂದ ಬಂದಿದ್ದ ಕಾರಕೂನ. ಬಸಗೊಂಡಪ್ಪ ಗೌಡರ ಕಟ್ಟೆಯ ಮೇಲೆ ಕೂತು ಬಸಿಯಲ್ಲಿ ಚಹಾ ಹೀರುತ್ತಿದ್ದ.

ಅಮೋಘಿ ಊರ ವಾಲೀಕಾರ. ಕಚೇರಿಯ ಕಾಗದ ಹೊರುವವ, ಡಂಗುರ ಸಾರುವವ, ಸಾಹೇಬರ ಕುದುರೆಗೆ ಹುಲ್ಲು ಹಾಕುವವ. ಎದೆಯ ಮೇಲಿನ ಹಿತ್ತಾಳೆ ಬಿಲ್ಲೆ ಸರಕಾರದ್ದು, ಅದರ ಕೆಳಗಿನ ಹರಕು ಅಂಗಿ ಅವನದು.

ಅರ್ಜಂಟ ಅನ್ನುವ ಮಾತನ್ನು ಅವನು ಶಾಲೆಯಲ್ಲಿ ಕಲಿತದ್ದಲ್ಲ, ಕಾಲಿನಲ್ಲಿ ಕಲಿತದ್ದು. ಮೊದಲ ಸಲ ಗೌಡರು ಲಕೋಟೆ ಕೈಗಿಟ್ಟು ಆ ಮಾತು ಅಂದಾಗ, ರೊಟ್ಟಿ ತಿನ್ನಲೂ ಕೂರದೆ ವಿಜಾಪುರದ ಜೋರಾಪುರ ಪೇಟೆಯತನಕ ನಡೆದಿದ್ದ. ಅಲ್ಲಿಯ ಸಾವಕಾರ ಲಕೋಟೆಯನ್ನು ಗಾದಿಯ ಕೆಳಗೆ ತುರುಕಿ ನಿದ್ದೆ ಹೋದ. ಅರ್ಜಂಟ ಹೊರುವವನಿಗೇ ಹೊರತು ಇಸಗೊಳ್ಳುವವನಿಗೆ ಅಲ್ಲ ಎಂದು ಆವತ್ತು ತಿಳಿಯಿತು. ಆಮೇಲೆ ಸಾಹೇಬರಿಗೆ ಕೋಳಿ ಬೇಕಾದರೂ ಅರ್ಜಂಟ, ಎಲೆ ಅಡಿಕೆ ಬೇಕಾದರೂ ಅರ್ಜಂಟ.

ಹೋದ ಮಾಗಿಯಲ್ಲಿ ಹೆಂಡತಿ ಗುರುಬಾಯಿಗೆ ಹೆರಿಗೆ ಕಷ್ಟವಾಯಿತು. ಅಮೋಘಿ ತಿಕೋಟಾಕ್ಕೆ ಓಡಿ, ಡಾಕ್ಟರೊಬ್ಬರ ಅಂಗಳದಲ್ಲಿ ದೂರ ನಿಂತು ಅದೇ ಮಾತನ್ನು ಎತ್ತಿದ.

"ಯಪ್ಪಾ, ಅರ್ಜಂಟ ಐತ್ರಿ. ಬರ್ರಿ."

"ಯಾರ ಮನಿಯಾಗಲೇ?"

"ನಮ್ಮ ಮನಿಯಾಗ್ರಿ."

ಡಾಕ್ಟರು ಗಡ್ಡದ ಸಾಬೂನಿನ ಒಳಗಿಂದಲೇ ನಕ್ಕರು. "ನಿಮ್ಮ ಮನಿಯಾಗ ಎಂಥಾ ಅರ್ಜಂಟಲೇ? ನಿಮ್ಮ ಹೆಣ್ಮಕ್ಕಳು ಹೊಲದಾಗ ಹಡದು ಮತ್ತ ಕಳೇ ತಗೀತಾರ. ಸಂಜೀಕ ನೋಡೂಣು, ಹೋಗು."

ಸಂಜೆಗೆ ಅಮೋಘಿ ಮನೆ ಮುಟ್ಟಿದಾಗ ಉಸಿರಿಲ್ಲದ ಕೂಸನ್ನು ಅರಿವೆಯಲ್ಲಿ ಸುತ್ತಿ ಇಟ್ಟಿದ್ದರು. ಮಾತು ಅದೇ, ಅವನ ಬಾಯಲ್ಲಿ ಮಾತ್ರ ನಡೆಯಲಿಲ್ಲ.

ಈಗ ಗೌಡರ ಕಟ್ಟೆಯ ಮುಂದೆ ಹಗೇವಿನ ಬಾಯಿಯ ಹಾಸುಗಲ್ಲು ಸರಿಸಿದರು. ನೆಲದೊಳಗೆ ಐದು ತಿಂಗಳು ಮುಚ್ಚಿಟ್ಟ ಜೋಳದ ಬಿಸಿ ಉಸಿರು ಮುಖಕ್ಕೆ ಬಡಿಯಿತು. ಇಳಿಯುವವನು ಶಂಕ್ರೆಪ್ಪ. ಮುತ್ತಜ್ಜನ ಕಾಲದಿಂದ ಅವನ ಮನೆಯವರೇ ಇಳಿಯುತ್ತ ಬಂದವರು. ತಳದ ಕರಿ ಹಿಡಿದ ಜೋಳ ಅವರ ಪಾಲು. ಅವನ ಹಿಂದೆ ಹೆಂಡತಿ ಮಲಕವ್ವ, ಕೈಯಲ್ಲಿ ಮೂರು ಸರಪಳಿಯ ಕಬ್ಬಿಣದ ಹಣತೆ. ಮೊದಲು ದೀಪ ಇಳಿಸಬೇಕು. ಉರಿದರೆ ಮನುಷ್ಯ ಇಳಿಯಬೇಕು, ಆರಿದರೆ ಕೆಟ್ಟ ಗಾಳಿ ಹೋಗುವತನಕ ಕಾಯಬೇಕು. ಕೇರಿಯ ಕೂಸಿಗೂ ಇದು ಗೊತ್ತು.

"ಏನ ಪೂಜಾ ನಡಸೀರೇನಲೇ?" ಕಾರಕೂನ ಚೀರಿದ.

ಗೌಡರು ಅಮೋಘಿಯ ಕಡೆ ನೋಡಿದರು. "ಎದೀ ಮ್ಯಾಲ ಕಟಗೊಂಡಿದ್ದೇನ ಎಮ್ಮೀ ಗಂಟೇನಲೇ? ಹೇಳ ಅವಗ, ಇಳೀಲಿ."

ಅಮೋಘಿ ಮಲಕವ್ವನ ಕೈಯಿಂದ ದೀಪ ಕಸಿದುಕೊಂಡ. "ದೀಪಾ ಗೀಪಾ ಆಮ್ಯಾಲ. ಇಳಿಯೋ ಶಂಕ್ರ್ಯಾ, ಅರ್ಜಂಟ ಐತಿ!"

ಶಂಕ್ರೆಪ್ಪ ಅವನನ್ನೇ ನೋಡಿದ. ಆಮೇಲೆ ನಕ್ಕ. "ನೀನೂ ಕಲ್ತೆಲ್ಲೋ ದೋಸ್ತ. ಇರ್ಲಿ ತಗೋ, ನಿನ್ನ ನೌಕರಿ ಉಳೀಲಿ."

ಹಗ್ಗ ಬಿಗಿದುಕೊಂಡು ಇಳಿದ. ಅಮೋಘಿಯ ಎದೆಯೊಳಗೆ ಏನೋ ಬೆಚ್ಚಗೆ ಹರಡಿತು. ತಿಕೋಟಾದಲ್ಲಿ ನಡೆಯದ ಮಾತು ಇಲ್ಲಿ ನಡೆದಿತ್ತು. ಆ ಬೆಚ್ಚಗಿನ ಸುಖವನ್ನು ಅವನು ಆಮೇಲೆ ಯಾರ ಮುಂದೆಯೂ ಹೇಳಲಿಲ್ಲ, ದೇವರ ಮುಂದೆ ಸಹ.

ಒಂದು ಬುಟ್ಟಿ ಜೋಳ ಮೇಲೆ ಬಂತು. ಎರಡನೆಯದು ಬರಲಿಲ್ಲ. ಹಗ್ಗ ಜಗ್ಗಿದಾಗ ಶಂಕ್ರೆಪ್ಪನೇ ಬಂದ, ಕತ್ತು ಒಂದು ಕಡೆ ವಾಲಿ, ತುಟಿ ನೀಲಿಯಾಗಿ. ಅಂಗೈಯಲ್ಲಿ ಒಂದು ಹಿಡಿ ಜೋಳ ಹಾಗೇ ಇತ್ತು. ಮಲಕವ್ವ ಅವನ ಬೆರಳು ಒಂದೊಂದಾಗಿ ಬಿಡಿಸಿ ಆ ಜೋಳವನ್ನು ಹಗೇವಿನೊಳಗೆ ಚೆಲ್ಲಿದಳು.

ಗೌಡರು ಕೇಳಿದರು: "ರಾವಸಾಹೇಬ್ರ, ಪಂಚನಾಮಾ ಮಾಡಸಬೇಕಲ್ರಿ?"

ಕಾರಕೂನ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡ. "ಮಾಡಿದ್ರಾತು ಬಿಡ್ರಿ. ಅದೇನ ಅರ್ಜಂಟ ಇಲ್ಲ."

ದೀಪ ಅಮೋಘಿಯ ಮನೆಯ ಗೋಡೆಯ ಗೂಡಿನಲ್ಲಿ ಉಳಿಯಿತು. ಮಲಕವ್ವ ಕೇಳಲು ಬರಲಿಲ್ಲ. ಅವಳು ನೀರಿಗೆ ಹೋಗುವ ಹಾದಿ ಬಿಟ್ಟು ಅಮೋಘಿ ಸುತ್ತು ಹಾದಿ ಹಿಡಿದ. ಮುಂಜಾನೆ ವಿಭೂತಿ ಹಚ್ಚಿಕೊಳ್ಳುವಾಗ ಕಣ್ಣು ಗೂಡಿನ ಕಡೆ ಹೋಗುತ್ತಿತ್ತು, ಬೆರಳು ಹಣೆಯ ಹತ್ತಿರ ನಿಂತುಬಿಡುತ್ತಿತ್ತು.

"ಮಂದೀ ದೀಪ ಯಾಕ ಇಟಗೊಂಡೀಯೋ? ಕೊಟ್ಟ ಬಾ," ಅಂದಳು ಗುರುಬಾಯಿ.

"ಏನಂತ ಹೇಳಿ ಕೊಡ್ಲಿ?"

ಗುರುಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

ಹನ್ನೆರಡನೇ ದಿನ ಲಾರಿ ಮತ್ತೆ ಬಂತು. ಆವತ್ತೂ ಗಾಳಿ ಇರಲಿಲ್ಲ. ಅಂದು ಅರ್ಧಕ್ಕೇ ಮುಚ್ಚಿದ್ದ ಹಗೇವಿನ ಕಲ್ಲು ಮತ್ತೆ ಸರಿಯಿತು. ಶಂಕ್ರೆಪ್ಪನ ಮನೆಯಲ್ಲಿ ಇಳಿಯುವ ಗಂಡಸು ಉಳಿದಿರಲಿಲ್ಲ. "ಇಳೀಲಿಲ್ಲಂದ್ರ ತಳದ ಪಾಲು ಬ್ಯಾರೆಯವರಿಗೆ," ಎಂದು ಗೌಡರು ಹೇಳಿ ಕಳಿಸಿದ್ದರು. ಮಲಕವ್ವ ಸೀರೆಯ ಕಚ್ಚೆ ಬಿಗಿದು, ಅದೇ ಹಗ್ಗ ನಡುವಿಗೆ ಕಟ್ಟಿಕೊಂಡು ಬಾಯಿಯ ಅಂಚಿಗೆ ನಿಂತಿದ್ದಳು.

"ಅಮೋಘಿ! ಬಾಯಾಗ ಅವಲಕ್ಕಿ ಇಟಗೊಂಡೀಯೇನಲೇ ಬಾಡಕೋ? ಇಳಸ ಆಕೀನ, ಅರ್ಜಂಟ ಐತಿ!"

ಅಮೋಘಿ ಕಾರಕೂನನ ಕಡೆ ತಿರುಗಿ ನೋಡಲಿಲ್ಲ. ಎದೆಯ ಬಿಲ್ಲೆ ಬಿಚ್ಚಿ ಕಟ್ಟೆಯ ಮೇಲೆ, ಚಹಾದ ಬಸಿಯ ಪಕ್ಕ ಇಟ್ಟ. ಹೆಗಲ ಕಂಬಳಿಯೊಳಗಿಂದ ಕಬ್ಬಿಣದ ಹಣತೆ ತೆಗೆದ. ಮನೆಯಿಂದ ಬರುವಾಗಲೇ ಕುಸುಬೆ ಎಣ್ಣೆ ತುಂಬಿ, ಹೊಸ ಬತ್ತಿ ಇಟ್ಟಿದ್ದ. ಕುಕ್ಕರುಗಾಲಿನಲ್ಲಿ ಕೂತು ಕಡ್ಡಿ ಗೀರಿ ಹಚ್ಚಿದ. ಎದ್ದು, ಎರಡೂ ಕೈಯಲ್ಲಿ ಹಿಡಿದು ಮಲಕವ್ವನ ಮುಂದೆ ನೀಡಿದ. ಏನಂತಲೂ ಹೇಳಲಿಲ್ಲ.

ಕಟ್ಟೆಯ ಮೇಲೆ ಕಾರಕೂನ ಚೀರುತ್ತಲೇ ಇದ್ದ. ಮಲಕವ್ವ ಅಮೋಘಿಯ ಮುಖ ನೋಡಲಿಲ್ಲ, ಕೈ ನೋಡಿದಳು. ನಡುವಿನ ಹಗ್ಗ ಬಿಚ್ಚಿದಳು. ದೀಪ ಇಸಗೊಂಡು, ಅದರ ಸರಪಳಿಗೆ ಆ ಹಗ್ಗದ ತುದಿ ಕಟ್ಟತೊಡಗಿದಳು.