ಎಡಕ್ಕೆ ತಿರುಗದ ಕತ್ತು

ತಿರುಮೂರ್ತಿ ಮೇಷ್ಟ್ರ ಕತ್ತು ಎಡಕ್ಕೆ ತಿರುಗುತ್ತಿರಲಿಲ್ಲ. ವಾತವೂ ಅಲ್ಲ, ಉಳುಕೂ ಅಲ್ಲ. ಮನೆಯಿಂದ ಮಡತ್ತುಕುಳಂ ಶಾಲೆಗೆ ಹೊರಟರೆ ಎಡಗಡೆಗೆ ತಮ್ಮ ರಂಗಸಾಮಿಯ ಮನೆ ಸಿಗುತ್ತದೆ. ಅದನ್ನು ನೋಡಬಾರದೆಂದು ಹಟ ಹಿಡಿದ ಮನುಷ್ಯ ಹತ್ತು ಹನ್ನೆರಡು ವರ್ಷ ಬಲಗಡೆಯ ಕಾಲುವೆಯನ್ನೇ ದಿಟ್ಟಿಸುತ್ತ ನಡೆದು ನಡೆದು, ಕೊನೆಗೆ ತರಗತಿಯ ಎಡಸಾಲಿನ ಮಕ್ಕಳನ್ನು ಮಾತಾಡಿಸಬೇಕಾದರೂ ಇಡೀ ದೇಹವನ್ನೇ ತಿರುಗಿಸಬೇಕಾಗಿತ್ತು. ಹಿಂತಿರುಗುವಾಗ ಆ ಮನೆ ಬಲಕ್ಕೆ ಬಂದುಬಿಡುತ್ತದಲ್ಲ, ಅದಕ್ಕಾಗಿ ಕಾಲುವೆಯ ಏರಿಯ ಮೇಲೆ ಸುತ್ತು ಹೊಡೆದು ಬೆವರೊರೆಸಿಕೊಳ್ಳುತ್ತ ಬರುತ್ತಿದ್ದರು.

ಜಗಳದ ಮೂಲ ಒಂದು ಬಂಡಿದಾರಿ. ಮೇಷ್ಟ್ರ ತೆಂಗಿನ ಸಾಲಿನ ನಡುವೆ ಹಾದು ರಂಗಸಾಮಿಯ ಹಿಂದಿನ ತೋಟಕ್ಕೆ ಹೋಗುವ ದಾರಿ ಅದು. ಪಾಲಾದ ಮೇಲೆ ಒಂದು ದಿನ ತಮ್ಮನ ಟ್ರ್ಯಾಕ್ಟರು ಎಳೆಯ ಸಸಿಗಳೆರಡನ್ನು ತುಳಿದು ಹೋಯಿತು. ಅಣ್ಣ ಬೇಲಿ ಹಾಕಿಸಿದರು, ತಮ್ಮ ಕಿತ್ತೆಸೆದ, ಇಬ್ಬರೂ ವಕೀಲರನ್ನು ಹಿಡಿದರು. ಅಂದಿನಿಂದ ಮೇಷ್ಟ್ರು ತೋಟದ ಆ ಮೂಲೆಗೆ ಕಾಲಿಡಲಿಲ್ಲ. ತೆಂಗಿನ ಉಸಾಬರಿಯನ್ನೆಲ್ಲ ಮಗ ನವನೀತನ್‌ಗೆ ಒಪ್ಪಿಸಿ ತಾವು ಕೋರ್ಟಿನ ವಾಯಿದೆಗಳ ಹಿಂದೆ ಬಿದ್ದರು. ಅಡಿಗೆಮನೆಯ ಹೆಂಚು ಸೋರಿ ಒಲೆಯ ಮೇಲೆ ನೀರು ಬೀಳುತ್ತಿದೆ ಎಂದು ಹೆಂಡತಿ ಗೋಕಿಲಾ ಹೇಳಿದರೆ, “ಕೇಸು ಮುಗೀಲಿ.” ಸೊಸೆ ಮಲ್ಲಿಗಾ ತೌರಿಗೆ ಹೋಗಿಬರುತ್ತೇನೆಂದರೆ ಅದಕ್ಕೂ ಕೇಸು ಮುಗಿಯಬೇಕು. ಅಪ್ಪಿತಪ್ಪಿ ತಮ್ಮನ ಹೆಸರು ಯಾರ ಬಾಯಲ್ಲಾದರೂ ಬಂದರೆ ಮೇಷ್ಟ್ರ ಎಡಗೈ ಟ್ರಾಫಿಕ್ ಪೊಲೀಸಿನವನ ಕೈಯಂತೆ ಮೇಲೇಳುತ್ತಿತ್ತು. “ಆ ಪೇಚ್ಚು ಬೇಡ” ಎನ್ನುತ್ತಿದ್ದರು. ತಲೆಮಾರುಗಳಿಂದ ತಮಿಳಿನೊಂದಿಗೆ ಕಲಸಿಹೋದ ಅವರ ಮನೆಗನ್ನಡದಲ್ಲಿ ಮಾತಿಗೆ ಪೇಚ್ಚು ಎಂದೇ ಹೆಸರು. ಕೈ ಎದ್ದಿತೆಂದರೆ ಮಾತು ಅಲ್ಲಿಗೇ ನಿಂತುಹೋಗುತ್ತಿತ್ತು.

ಇಷ್ಟಾದರೂ ಶಾಲೆಯಲ್ಲಿ ಅವರೆಂದರೆ ಮಕ್ಕಳಿಗೆ ಪ್ರಾಣ, ಅದೂ ಒಂದು ಪಾಠಕ್ಕಾಗಿ. ರಷ್ಯದ ಅರಸೊತ್ತಿಗೆ ಉರುಳಿಬಿದ್ದ ಪಾಠದ ದಿನ ಅವರು ಊಟಿಯಲ್ಲಿ ಎಂದೋ ಕೊಂಡ ಕಪ್ಪು ಉಣ್ಣೆಯ ಕೋಟು ತೊಟ್ಟು, ಆ ಧಗೆಯಲ್ಲಿ ಧಾರಾಕಾರವಾಗಿ ಬೆವರುತ್ತ, ಜಾರ್ ಚಕ್ರವರ್ತಿಯೇ ಆಗಿ ತರಗತಿಯೊಳಗೆ ಬರುತ್ತಿದ್ದರು. ಚಕ್ರವರ್ತಿ ರಾಜಧಾನಿಯನ್ನು ಬಿಟ್ಟು ತಾನೇ ಯುದ್ಧಭೂಮಿಗೆ ಹೋಗಿ ಕೂರುತ್ತಾನೆ; ರೈಲುಗಳೆಲ್ಲ ಯುದ್ಧದ ಸೇವೆಗೆ ಹೋಗಿ ಊರಿಗೆ ಹಿಟ್ಟು ಬರದಂತಾಗುತ್ತದೆ; ಹಿಮದಲ್ಲಿ ಸಾಲುಗಟ್ಟಿ ನಿಂತು ಬೇಸತ್ತ ಬಟ್ಟೆಗಿರಣಿಯ ಹೆಂಗಸರು ರೊಟ್ಟಿ ಕೊಡಿ ಎಂದು ಬೀದಿಗಿಳಿಯುತ್ತಾರೆ; ಗುಂಡು ಹಾರಿಸಿ ಎಂಬ ಅಪ್ಪಣೆಗೆ ಒಂದು ದಿನ ತಲೆಬಾಗಿದ ಸಿಪಾಯಿಗಳು ಮರುದಿನ ಬಂದೂಕು ಹೊತ್ತು ಆ ಜನರನ್ನೇ ಸೇರುತ್ತಾರೆ. ರೈಲುಡಬ್ಬಿಯಲ್ಲಿ ಕುಳಿತ ಜಾರ್ ಪಟ್ಟವನ್ನು ತಮ್ಮನಿಗೆ ಬಿಟ್ಟುಕೊಡುವಾಗ ಮೇಷ್ಟ್ರು ಕೋಟು ಕಳಚಿ ಕುರ್ಚಿಗೆ ಹಾಕುತ್ತಿದ್ದರು. ಮರುದಿನ ಆ ತಮ್ಮನೂ ಬೇಡವೆಂದ ಎಂದಾಗ ಮಕ್ಕಳು ನಗುತ್ತಿದ್ದರು. ಕೊನೆಯ ಮಾತು ಪ್ರತಿ ವರ್ಷವೂ ಒಂದೇ, ಅಯ್ಯೋ ಪಾಪ ಎಂದು ಮರುಗುವ ಮಾತು. “ಪಾವಂ, ಅವನಿಗೆ ಯಾರೂ ಹೇಳಲೇ ಇಲ್ಲ!”

ಕಳೆದ ವರ್ಷ ಆವಣಿ ತಿಂಗಳಲ್ಲಿ ರಂಗಸಾಮಿಯ ಮಗಳು ತೆನ್ಮೊಳಿಯ ಮದುವೆ ನಿಶ್ಚಯವಾಯಿತು. ಮೇಷ್ಟ್ರ ಹೆಗಲ ಮೇಲೆ ಕೂತು ಬೆಳೆದ ಹುಡುಗಿ ಅವಳು. ಕರೆಯಲು ಬಂದ ತಮ್ಮ ತಾಂಬೂಲದ ತಟ್ಟೆ ಹಿಡಿದು ಅಂಗಳದಲ್ಲಿ ನಿಂತ. ಒಳಗೆ ಕುಳಿತಲ್ಲಿಂದಲೇ ಅಣ್ಣನ ಎಡಗೈ ಮೇಲೆದ್ದಿತು. ತಟ್ಟೆಯನ್ನು ಜಗಲಿಯ ಮೇಲಿಟ್ಟು ಅವನು ಹೊರಟುಹೋದ. ಮನೆಯಿಂದ ಒಂದು ನರಪಿಳ್ಳೆಯೂ ಆ ಮದುವೆಗೆ ಹೋಗಕೂಡದೆಂದು ಮೇಷ್ಟ್ರ ಅಪ್ಪಣೆಯಾಯಿತು.

ಮದುವೆ ಭಾನುವಾರ, ಪಾಠ ಸೋಮವಾರ. ಭಾನುವಾರ ಬೆಳಿಗ್ಗೆ ಮೇಷ್ಟ್ರು ಕೋಟನ್ನು ಅಂಗಳದ ತಂತಿಯ ಮೇಲೆ ಬಿಸಿಲಿಗೆ ಹಾಕಿ ಕುಳಿತಿದ್ದಾಗ, ಒಲೆ ಹಚ್ಚದೆ, ಕಾಫಿಯನ್ನೂ ಕಾಸದೆ, ಗೋಕಿಲಾ ಮತ್ತು ಮಲ್ಲಿಗಾ ರೇಷ್ಮೆ ಸೀರೆ ಉಟ್ಟು ಹೊರಗೆ ಬಂದರು.

“ಏನುಂಗ, ನಾವು ಕಲ್ಯಾಣಕ್ಕೆ ಹೋಗ್ತೀವಿ” ಎಂದರು ಗೋಕಿಲಾ. ದನಿ ಏರಲಿಲ್ಲ.

“ನವನೀತಾ, ಗೇಟಿಗೆ ಬೀಗ ಹಾಕುರಾ!”

ನವನೀತನ್ ಬೀಗ ತೆಗೆದುಕೊಂಡು ಗೇಟಿನವರೆಗೆ ಹೋದ. ತಾಯಿಯ ಮುಖ ನೋಡಿದ, ತಂದೆಯ ಮುಖ ನೋಡಿದ. ಬೀಗವನ್ನು ಗೋಡೆಯ ಮೇಲಿಟ್ಟು ಗೇಟಿನ ಎರಡೂ ಬಾಗಿಲು ತೆರೆದ. “ನಾನೂ ಹೋಗ್ತೀನಪ್ಪಾ. ನೀವೂ ವಾಂಗ” ಎಂದು ಕರೆದು, ಸ್ವಲ್ಪ ಹೊತ್ತು ಕಾದು, ಅವರ ಹಿಂದೆ ನಡೆದ.

ಮೇಷ್ಟ್ರಿಗೆ ಮೊದಲು ಬಂದದ್ದು ಕೋಪವೇ. ಕೂಗಲು ಬಾಯಿ ತೆರೆದವರಿಗೆ ಎದುರಿಗೆ ತಂತಿಯ ಮೇಲೆ ತೂಗುತ್ತಿದ್ದ ಕೋಟು ಕಾಣಿಸಿತು. ಹೆಂಗಸರು, ಆರಿದ ಒಲೆ, ಅಪ್ಪಣೆ ಮೀರಿ ಹೊರಟ ಸಿಪಾಯಿ. ಕಣ್ಣುಮುಚ್ಚಿಕೊಂಡು ಒಪ್ಪಿಸಬಲ್ಲ ಪಾಠ ತನ್ನ ಅಂಗಳದಲ್ಲೇ ನಡೆದುಹೋಗುತ್ತಿದ್ದರೂ ಗುರುತು ಹತ್ತಲಿಲ್ಲವಲ್ಲ ಎಂದು, ನೋಡುವವರು ಯಾರೂ ಇಲ್ಲದ ಆ ಅಂಗಳದಲ್ಲಿ ನಾಚಿಕೆಯಿಂದ ಅವರ ಮುಖ ಸುಟ್ಟುಹೋಯಿತು.

ಮಧ್ಯಾಹ್ನದ ಹೊತ್ತಿಗೆ ಅವರೂ ಹೊರಟರು. ದಾರಿಯುದ್ದಕ್ಕೂ ಒಂದು ಔದಾರ್ಯದ ಮಾತನ್ನು ಜೋಡಿಸಿಕೊಂಡು ಹೋದರು. ಮಂಟಪದ ಬಾಗಿಲಿಗೆ ಓಡಿಬಂದ ತಮ್ಮನಿಗೆ ಅದನ್ನೇ ಹೇಳಿದರು: “ರಂಗಾ, ಆ ಬಂಡಿದಾರಿ ನೀನೇ ವಚ್ಚುಕೋ. ನಾನು ಬಿಟ್ಟುಕೊಟ್ಟೆ.”

ರಂಗಸಾಮಿ ಗಲಿಬಿಲಿಗೊಂಡ. “ಅದು ನನಗ್ಯಾಕಣ್ಣಾ? ಆ ಕಡೆ ಹೊಲದವರ ಹತ್ರ ದುಡ್ಡು ಕೊಟ್ಟು ಬೇರೆ ದಾರಿ ವಾಂಗಿ ಎಷ್ಟೋ ವರುಷ ಆಯ್ತಲ್ಲ! ಕೇಸು ಬೇಡ, ಇಬ್ರೂ ಬಿಟ್ಬಿಡೋಣ ಅಂತ ಎಷ್ಟು ಸಲ ಹೇಳಿಕಳಿಸ್ದೆ. ಅತ್ತಿಗೆ ಹೇಳಲಿಲ್ವಾ?”

ಅತ್ತಿಗೆ ಅಲ್ಲೇ ಪನ್ನೀರುದಾನಿ ಹಿಡಿದು ನಿಂತಿದ್ದರು. ಅವರು ತಲೆ ತಗ್ಗಿಸಿದರು, ಹೇಳಲು ಹೋದಾಗಲೆಲ್ಲ ಇವರೇ ತಡೆದರು ಎನ್ನಲಿಲ್ಲ. ಗಂಡನ ಮಾನ ಅಷ್ಟು ಜನರ ನಡುವೆ ಹೋಗಬಾರದೆಂದು ಆ ತಪ್ಪನ್ನು ತಮ್ಮ ಮೇಲೆಯೇ ಹೊತ್ತುಕೊಂಡರು. ಮೇಷ್ಟ್ರಿಗೆ ತಮ್ಮ ಎಡಗೈ ನೆನಪಾಯಿತು, ಅದು ಎದ್ದ ಒಂದೊಂದು ಸಲವೂ ನೆನಪಾಯಿತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಊಟಕ್ಕೆ ಕುಳಿತಾಗ ತಮ್ಮ ಬಂದು ಎಡಗಡೆಯ ಎಲೆಗೆ ಕುಳಿತ. ಕತ್ತು ತಿರುಗಿಸಲು ನೋವಾಯಿತು, ಆದರೂ ತಿರುಗಿಸಿದರು. ತಮ್ಮನ ಕೂದಲು ಪೂರ್ತಿ ಬೆಳ್ಳಗಾಗಿತ್ತು.

ಸೋಮವಾರ ಅವರು ಕೋಟಿಲ್ಲದೆ ತರಗತಿಗೆ ಹೋದರು. ಮಕ್ಕಳ ಮುಖ ಬಾಡಿತು. ಪಾಠ ಎಂದಿನಂತೆ ಸಾಗಿ ಕೊನೆಯ ಮಾತಿಗೆ ಬಂದಾಗ ಮೇಷ್ಟ್ರು “ಪಾವಂ” ಎಂದು ಶುರುಮಾಡಿ ನಿಂತರು. ಕಿಟಕಿಯ ಕಡೆ ನೋಡಿದರು. ಆಮೇಲೆ ಹೇಳಿದರು: “ಎಲ್ಲರೂ ಹೇಳಿದ್ದರು. ರಾಜಧಾನಿಯ ಪ್ರಜಾಪ್ರತಿನಿಧಿ ಸಭೆಯ ಅಧ್ಯಕ್ಷ ತಂತಿಯ ಮೇಲೆ ತಂತಿ ಕಳಿಸಿದ್ದ, ಬಂಧುಗಳು ಬೇಡಿಕೊಂಡಿದ್ದರು, ಹೆಂಗಸರು ಬೀದಿಯಲ್ಲಿ ನಿಂತು ಕೂಗಿದ್ದರು. ಅವನೇ ಕೈ ಅಡ್ಡ ಹಿಡಿದ.”

ಇಂಥವರು ದುಷ್ಟರಲ್ಲ. ಓದಿದವರು, ಮಕ್ಕಳನ್ನು ಪ್ರೀತಿಸುವವರು, ಪರರ ಪತನದ ಕಾರಣಗಳನ್ನು ನಿರರ್ಗಳವಾಗಿ ವಿವರಿಸಬಲ್ಲವರು. ತಮ್ಮ ಮನೆಯ ಮಾತು ಕಿವಿಗೆ ಬೀಳುವ ಮುನ್ನವೇ ಅವರ ಕೈ ಏಳುತ್ತದೆ, ಅಷ್ಟೇ. ಕೆಳಗಿಳಿದ ದಿನ ಅವರಿಗೆ ತಿಳಿಯುತ್ತದೆ: ಸಿಂಹಾಸನ ಹೋಗಿ ಎಷ್ಟೋ ವರ್ಷವಾಗಿತ್ತು, ಮನೆಯವರು ಮರ್ಯಾದೆಗೆಂದು ಇನ್ನೂ ಕೈಮುಗಿಯುತ್ತಿದ್ದರು.