ಕೂದಲು ತಾನೆ

"ಅದನ್ನ ಕೊನೆಗೆ ಹೇಳಮ್ಮ," ಮಗಳು ಪಿಸುಗುಟ್ಟಿದಳು. "ಮೊದಲು ತಪ್ಪಾಯ್ತು ಅನ್ನು. ಆಮೇಲೆ, ಕೊನೇ ವರ್ಷ, ಪರೀಕ್ಷೆ ಒಂದೇ ಬಾಕಿ ಅನ್ನು. ಅವರ ಮುಖ ಸ್ವಲ್ಪ ಸಡಿಲ ಆಯ್ತು ಅಂತ ಕಂಡಾಗ ಇದನ್ನ ಹೇಳು."

"ಸಡಿಲ ಆಗ್ಲಿಲ್ಲ ಅಂದ್ರೆ?"

"ಆಗುತ್ತೆ. ನೀನು ಅಂಗಡಿಲಿ ಎಂಥೆಂಥ ಸಿಡುಕು ಮೂತಿಗಳನ್ನ ನಗಿಸಿಲ್ಲ!"

ವಿಶ್ವವಿದ್ಯಾಲಯದ ಕಚೇರಿಯ ಕಾರಿಡಾರಿನಲ್ಲಿ ತಾಯಿ ಮಗಳು ಗೋಡೆಗೆ ಒರಗಿ ನಿಂತಿದ್ದರು. ಕೂರಲು ಅಲ್ಲಿ ಇದ್ದದ್ದು ಒಂದೇ ಬೆಂಚು. ಅದರ ಮೇಲೆ ದೂರು ಕೊಟ್ಟ ಹುಡುಗಿ ಮತ್ತು ಅವಳ ಅಪ್ಪ ಕೂತಿದ್ದರು. ಪಕ್ಕದಲ್ಲಿ ಇನ್ನಿಬ್ಬರಿಗೆ ಜಾಗವಿತ್ತು, ಆದರೆ ಅಲ್ಲಿ ಹೋಗಿ ಕೂರುವ ಮುಖ ಇವರಿಗಿರಲಿಲ್ಲ. ಅಮ್ಮ ಅತ್ತ ಕಣ್ಣು ಹಾಯಿಸಲೂ ಇಲ್ಲ. ನೋಡಿದರೆ ಕಣ್ಣು ಮೊದಲು ಹೋಗುವುದು ಕೂದಲಿಗೇ. ಹೊಟ್ಟೆಪಾಡು ಕಲಿಸಿದ ಚಾಳಿ ಅದು.

ಹೆಂಗಸರು ಮಕ್ಕಳ ಕೂದಲು ಕತ್ತರಿಸುವ ಪುಟ್ಟ ಅಂಗಡಿ ಅವಳದು. ಎರಡು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ, ಮಕ್ಕಳು ಬಂದರೆ ಕುರ್ಚಿಯ ಕೈಗಳ ಮೇಲೆ ಅಡ್ಡ ಇಡಲು ಒಂದು ಹಲಗೆ. ಹಲಗೆ ಹತ್ತಿದರೆ ಸಾಕು, ಮಕ್ಕಳ ರಾಗ ಶುರು. ಆಗ ಅಮ್ಮ ಅವರ ಗಲ್ಲ ಹಿಡಿದು, "ಕೂದಲು ತಾನೆ ಕಂದಾ, ಬೆಳೆಯುತ್ತೆ ಬಿಡು. ನಾನೇನು ಮೂಗು ಕತ್ತರಿಸ್ತಿದ್ದೀನಾ?" ಎನ್ನುವಳು. ಮಕ್ಕಳ ತಾಯಂದಿರು ನಗುವರು. ಆ ನಗು ಮುಗಿಯುವಷ್ಟರಲ್ಲಿ ಅರ್ಧ ಕೆಲಸ ಆಗಿರುತ್ತಿತ್ತು. ತೀರಾ ರಂಪ ಮಾಡುವವರ ಕೈ ಹಿಡಿದುಕೊಳ್ಳುವುದು ಮಗಳ ಪಾಲಿನ ಕೆಲಸ. ಶಾಲೆಯಿಂದ ಬಂದವಳೇ ಚೀಲ ಮೂಲೆಗೆಸೆದು, ತನಗಿಂತ ತುಸುವೇ ಚಿಕ್ಕ ಮಕ್ಕಳ ಎರಡೂ ಮುಂಗೈ ಅದುಮಿ ಹಿಡಿದು, ಅಮ್ಮನ ಮಾತನ್ನು ಅಮ್ಮನ ದನಿಯಲ್ಲೇ ಹೇಳುತ್ತಿದ್ದಳು: "ಕೂದಲು ತಾನೆ, ಬೆಳೆಯುತ್ತೆ ಬಿಡು." ಅದನ್ನು ಕೇಳಿ ಅಮ್ಮ ಹಿಗ್ಗುತ್ತಿದ್ದಳು. ಬಂದವರಿಗೆಲ್ಲ ಹೇಳಿಕೊಳ್ಳುತ್ತಲೂ ಇದ್ದಳು.

ಮಗಳು ಹಾಸ್ಟೆಲಿಗೆ ಹೊರಟಾಗ ಅಮ್ಮ ತನ್ನ ಒಳ್ಳೆಯ ಕತ್ತರಿಯನ್ನೇ ಕೊಟ್ಟು ಕಳಿಸಿದಳು. ಹೆಬ್ಬೆರಳು ತೂರಿಸುವ ಹಿಡಿ ಮಗಳಿಗೆ ಸಡಿಲವಾಗುತ್ತದೆಂದು ಅದಕ್ಕೆ ಕೆಂಪು ದಾರ ಸುತ್ತಿ ಬಿಗಿ ಮಾಡಿದಳು. ಭಾನುವಾರ ಬಂತೆಂದರೆ ಹಾಸ್ಟೆಲಿನ ವರಾಂಡದಲ್ಲಿ ಮಗಳ ಮುಂದೆ ಗೆಳತಿಯರ ಸಾಲು. ಯಾರ ಕೈಯಿಂದಲೂ ಒಂದು ಕಾಸು ಮುಟ್ಟುವವಳಲ್ಲ. ಹೊಗಳಿಕೆಯಿಂದಲೇ ಅವಳಿಗೆ ಹೊಟ್ಟೆ ತುಂಬುತ್ತಿತ್ತು.

ಈಗ ಬೆಂಚಿನ ಮೇಲಿದ್ದ ಹುಡುಗಿ ಈ ವರ್ಷ ಹೊಸದಾಗಿ ಸೇರಿದವಳು, ಆಗ ಅವಳಿಗೆ ತೊಡೆ ಮುಟ್ಟುವ ಜಡೆ. ಬೆಳಗ್ಗೆ ತಲೆ ತೊಳೆಯಲು ಸ್ನಾನದ ಮನೆಗೆ ಹೊಕ್ಕರೆ ಬೇಗ ಹೊರಗೆ ಬರುತ್ತಿರಲಿಲ್ಲ. ಬಾಗಿಲಲ್ಲಿ ಬಕೆಟ್ಟು ಹಿಡಿದು ನಿಂತವರು ಗೊಣಗುತ್ತಿದ್ದರು. ಒಂದು ಭಾನುವಾರ ಯಾರೋ, "ಇವಳದನ್ನೂ ಒಂದು ಕೈ ನೋಡೇ" ಎಂದರು. ಇಬ್ಬರು ಅವಳನ್ನು ಕುರ್ಚಿಗೆ ಒತ್ತಿ ಕೈ ಹಿಡಿದುಕೊಂಡರು. ಕತ್ತರಿ ಹಿಡಿದವಳು ಮಗಳು. ಕೈ ಹಿಡಿದವರನ್ನು ಎಚ್ಚರಿಕೆ ಕೊಟ್ಟು ಬಿಟ್ಟ ವಿಶ್ವವಿದ್ಯಾಲಯ ಕತ್ತರಿಸಿದವಳನ್ನು ಹೊರಹಾಕಿತು. ಇವತ್ತು ಅದರ ಮೇಲ್ಮನವಿ. ಇಲ್ಲಿ ಆಗದಿದ್ದರೆ ಮುಂದೆ ಕೇಳುವವರಿಲ್ಲ. ಓದಿದ ವರ್ಷಗಳೆಲ್ಲ ನೀರಿನಲ್ಲಿ ಹೋದ ಹಾಗೆ. ಗಂಡ ಬಸ್ ನಿಲ್ದಾಣದ ತನಕ ಬಂದು, "ನಾನು ಬಂದ್ರೆ ಸಿಟ್ಟು ಮಾಡಿ ಕೆಡಿಸಿಬಿಡ್ತೀನಿ. ಮಾತಿಗೆ ನೀನೇ ಸರಿ," ಎಂದು ಇಬ್ಬರನ್ನೂ ಹತ್ತಿಸಿ ಹೋಗಿದ್ದ.

ನಾಲ್ವರನ್ನೂ ಒಳಗೆ ಕರೆದರು. ಉದ್ದ ಮೇಜಿನ ಆಚೆ ಮೂವರು. ನಡುವೆ ಕೂತ ಅಧ್ಯಕ್ಷೆಯ ನರೆತ ಕೂದಲು ಎಡಕ್ಕೆ ಒಂದೆಳೆ ಉದ್ದ. ಮನೆಯಲ್ಲಿ ತಾವೇ ಕತ್ತರಿಸಿಕೊಳ್ಳುವವರು, ಎಂದುಕೊಂಡಳು ಅಮ್ಮ. ಅವರ ಮುಂದೆ ಪ್ಲಾಸ್ಟಿಕ್ ಚೀಲದಲ್ಲಿ ಕತ್ತರಿ. ಕೆಂಪು ದಾರ ಹಾಗೇ ಇತ್ತು.

"ಕೂತ್ಕೊಳ್ಳಿ," ಎಂದರು ಅಧ್ಯಕ್ಷೆ.

ಆ ಹುಡುಗಿ ಕುರ್ಚಿಯ ಹತ್ತಿರ ಬಂದಳು. ಕೂರುವ ಮುಂಚೆ ಅವಳ ಬಲಗೈ ತಾನಾಗಿ ಬೆನ್ನ ಹಿಂದೆ ಹೋಯಿತು, ಜಡೆ ಕೆಳಗೆ ಸಿಕ್ಕಿಕೊಳ್ಳದಂತೆ ಎತ್ತಿ ಮುಂದೆ ಹಾಕಿಕೊಳ್ಳುವ ಹಾಗೆ. ಕೈಗೆ ಏನೂ ಸಿಗಲಿಲ್ಲ. ಒಂದು ಗಳಿಗೆ ಗಾಳಿಯಲ್ಲೇ ನಿಂತ ಕೈಯನ್ನು ಅವಳು ಮಡಿಲಿಗೆ ತಂದುಕೊಂಡಳು. ಅವಳ ಅಪ್ಪ ಕಿಟಕಿಯ ಕಡೆ ತಿರುಗಿದ.

ಅಮ್ಮ ಈ ಕೈಯನ್ನು ಬಲ್ಲಳು. ಉದ್ದ ಕೂದಲು ತೆಗೆಸಿಕೊಂಡ ಹೆಂಗಸರು ತಿಂಗಳುಗಟ್ಟಲೆ ಹೀಗೇ ಮಾಡುತ್ತಾರೆ. "ಏನ್ರೀ, ಇನ್ನೂ ಹುಡುಕ್ತಾನೇ ಇದ್ದೀರಲ್ಲ!" ಎಂದು ಅವಳು ಕಾಲೆಳೆದಿದ್ದಾಳೆ, ಅವರೂ ನಕ್ಕಿದ್ದಾರೆ. ಆದರೆ ಅವರು ತಾವಾಗಿ ಬಂದು ಕುರ್ಚಿ ಏರಿದವರು. ಈಗ ಅವಳ ಕಣ್ಣು ತಡೆದರೂ ನಿಲ್ಲದೆ ಹುಡುಗಿಯ ತಲೆಯ ಮೇಲೆ ಓಡಾಡಿತು. ಕತ್ತಿನ ಹತ್ತಿರ ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ. ಅವತ್ತಿನಿಂದ ಯಾರ ಕೈಗೂ ತಲೆ ಕೊಟ್ಟಿಲ್ಲ.

ಮಗಳು ಎದ್ದು ಹೇಳಬೇಕಾದದ್ದನ್ನೆಲ್ಲ ಹೇಳಿದಳು. ತಮಾಷೆಗೆ ಮಾಡಿದ್ದು, ಇಷ್ಟು ದೂರ ಹೋಗುತ್ತೆ ಅಂದುಕೊಂಡಿರಲಿಲ್ಲ, ಕ್ಷಮಿಸಿ.

"ಅವಳು ಬೇಡ ಅಂದಳಾ?" ಅಧ್ಯಕ್ಷೆ ಕೇಳಿದರು.

"ಅಂದ್ಲು ಮೇಡಂ." ಮಗಳು ತಡವರಿಸಿದಳು. "ಆದ್ರೆ... ಎಲ್ಲರೂ ಮೊದಲು ಹಾಗೇ ಅಂತಾರೆ. ಆಮೇಲೆ ಸರಿಹೋಗ್ತಾರೆ."

ಅಮ್ಮ ಮಗಳ ಕಡೆ ತಿರುಗಿ ನೋಡಿದಳು. ಮಗಳು ಸುಳ್ಳು ಹೇಳುತ್ತಿರಲಿಲ್ಲ. ಅಂಗಡಿಯಲ್ಲಿ ಅವಳು ಕಂಡದ್ದೇ ಅದು.

"ನೀನೇನಾದ್ರೂ ಹೇಳಬೇಕಾ?" ಎಂದು ಆ ಹುಡುಗಿಯನ್ನು ಕೇಳಿದರು.

"ಏನಿಲ್ಲ ಮೇಡಂ. ನಾನು ಬೇಡ ಅಂದೆ. ಅಷ್ಟೇ."

ಇನ್ನು ಅಮ್ಮನ ಸರದಿ. ಎದ್ದು ನಿಂತಳು. ತಪ್ಪಾಯ್ತು ಎಂದಳು. ಕೊನೇ ವರ್ಷ, ಪರೀಕ್ಷೆ ಒಂದೇ ಬಾಕಿ ಎಂದಳು. ಮಗಳು ಹೇಳಿದ್ದಂತೆಯೇ ಅಧ್ಯಕ್ಷೆಯ ಮುಖ ಒಂಚೂರು ಸಡಿಲವಾಯಿತು. ಮೇಜಿನ ಕೆಳಗೆ ಮಗಳ ಕಾಲು ಅಮ್ಮನ ಕಾಲನ್ನು ಒತ್ತಿತು: ಈಗ.

"ಹುಡುಗಾಟದಲ್ಲಿ ಆಗಿದ್ದು ಮೇಡಂ. ಎಷ್ಟಂದ್ರೂ..." ಅಮ್ಮ ಬಾಯಿ ತೆರೆದಳು. ಎದುರಿಗೆ ಆ ಹುಡುಗಿ ಮಡಿಲಲ್ಲಿ ಕೈ ಇಟ್ಟು ಕೂತಿದ್ದಳು. ಎಷ್ಟು ಮಕ್ಕಳ ಗಲ್ಲ ಹಿಡಿದು ಆಡಿದ್ದ ಮಾತು, ನಿದ್ದೆಯಲ್ಲೂ ನಾಲಿಗೆಗೆ ಬರುವ ಮಾತು, ಈಗ ಬಾಯಿಂದ ಹೊರಡಲಿಲ್ಲ.

"ಹೇಳಿ, ಕೇಳ್ತಿದ್ದೀವಿ."

"ಮರೆತೋಯ್ತು ಮೇಡಂ."

"ನೀರು ಕುಡೀರಿ. ಅವಸರ ಏನಿಲ್ಲ."

ಅಮ್ಮ ನೀರು ಕುಡಿದಳು.

"ನೆನಪಾಯ್ತಾ?"

"ಇಲ್ಲ ಮೇಡಂ," ಎಂದು ಕೂತಳು.

ಹೊರಗೆ ಬಂದಾಗ ಗುಮಾಸ್ತ ಹಿಂದೆಯೇ ಬಂದು ಪ್ಲಾಸ್ಟಿಕ್ ಚೀಲ ಅಮ್ಮನ ಕೈಗಿಟ್ಟ. "ಇದು ನಿಮ್ದೇ ಅಂತಲ್ವಾ? ಇನ್ನು ನಮಗೆ ಬೇಡ, ತಗೊಂಡು ಹೋಗಿ." ಚೀಲ ಹರಿದಿತ್ತು. ಅಮ್ಮ ಕತ್ತರಿಯನ್ನು ಹೊರಗೆ ತೆಗೆದು, ಬೆರಳಿಂದ ಅಲಗು ಒರೆಸಿ ನೋಡಿದಳು. ಅಷ್ಟರಲ್ಲಿ ಆ ಹುಡುಗಿ ಮುಂದೆ ಹಾದುಹೋದಳು. ಕಿಟಕಿಯ ಬೆಳಕಿನಲ್ಲಿ ಅವಳ ಕತ್ತಿನ ಮೇಲಿನ ಏರುಪೇರು ಇನ್ನೂ ಚೆನ್ನಾಗಿ ಕಂಡಿತು. ಅಮ್ಮನಿಗೆ ತಡೆಯಲಾಗಲಿಲ್ಲ. ಸಂಕಟವೋ, ಕೈಯ ಅಭ್ಯಾಸವೋ, ಎರಡು ಹೆಜ್ಜೆ ಮುಂದೆ ಹೋದಳು.

"ಮಗೂ, ಹಿಂದೆ ಸಮ ಇಲ್ಲಮ್ಮ. ಇಲ್ಲೇ, ಒಂದು ನಿಮಿಷ, ನಾನು ಸರಿ ಮಾಡಿ..."

ಹುಡುಗಿ ಎರಡೂ ಕೈಯಿಂದ ಕತ್ತು ಮುಚ್ಚಿಕೊಂಡು ಗೋಡೆಗೆ ಅಂಟಿ ನಿಂತಳು. "ಬೇಡ ಆಂಟಿ. ಬೇಡ."

ಅವಳ ಅಪ್ಪ ನಡುವೆ ಬಂದು ನಿಂತ. ಬೈಯಲಿಲ್ಲ. ಅಮ್ಮನ ಕೈಯನ್ನೇ ನೋಡುತ್ತಿದ್ದ. ಆಗ ಅಮ್ಮನೂ ನೋಡಿದಳು. ಬೆರಳುಗಳು ಆಗಲೇ ಕತ್ತರಿಯ ಹಿಡಿಯೊಳಗೆ ತೂರಿದ್ದವು, ಅಲಗು ತೆರೆದಿತ್ತು.

"ಇಲ್ಲ ಕಂದಾ, ಇಲ್ಲ," ಎಂದು ಹಿಂದೆ ಸರಿದಳು. ಅಪ್ಪ ಮಗಳು ಮೆಟ್ಟಿಲಿಳಿದು ಹೋಗುವ ತನಕ ಕತ್ತರಿಯನ್ನು ಬೆನ್ನ ಹಿಂದೆ ಹಿಡಿದೇ ನಿಂತಳು. ಅವಳ ಹಿಂದೆ ಮಗಳು ಎಲ್ಲವನ್ನೂ ನೋಡುತ್ತ ನಿಂತಿದ್ದಳು.

ಬಸ್ಸಿನಲ್ಲಿ ಮಗಳು ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಊರು ಹತ್ತಿರ ಬಂದಾಗ, ತಿರುಗದೆಯೇ ಹೇಳಿದಳು:

"ಮರೆತಿರ್ಲಿಲ್ಲ ಅಲ್ವಾ ನೀನು?"

"ಇಲ್ಲ."

"ಊರಿನ ಮಕ್ಕಳಿಗೆಲ್ಲ ಹೇಳ್ತೀಯ. ನನಗೋಸ್ಕರ ಒಂದ್ಸಲ ಹೇಳೋಕಾಗ್ಲಿಲ್ಲ."

ಅಮ್ಮ ಮಗಳ ಕೈ ಹಿಡಿಯಲು ಹೋಗಿ, ಮುಂಗೈ ಮುಟ್ಟಿ, ಬಿಟ್ಟಳು. ಹೇಳಿದ್ದರೆ ಆಗುತ್ತಿತ್ತೇನೋ. ಆ ಮುಖ ಸಡಿಲವಾಗಿದ್ದು ನಿಜ. ಒಂದೇ ಮಾತಿನ ದೂರದಲ್ಲಿತ್ತು ಮಗಳ ಪದವಿ. ಮುಂದೆ ಎಷ್ಟೋ ದಿನ, ನೆಲ ಗುಡಿಸುವಾಗ, ಟವೆಲ್ಲು ಒಣಹಾಕುವಾಗ, ಅವಳು ಆ ಮಾತನ್ನು ಮತ್ತೆ ಮತ್ತೆ ಬಾಯಿಗೆ ತಂದುಕೊಂಡು ನೋಡುವವಳಿದ್ದಳು.

ಮುಂದಿನ ವಾರ ಸಂಜೆ, ಅಂಗಡಿಯನ್ನು ಮನೆಯಿಂದ ಬೇರೆ ಮಾಡುವ ಪರದೆಯ ಹಿಂದಿನಿಂದ ಮಗಳ ದನಿ ಬಂತು.

"ಕಾಗದ ಬಂತಮ್ಮ."

"ಏನಂತೆ?"

"ಅದೇ. ಮೊದಲಿನ ತೀರ್ಮಾನ ಬದಲಾಯಿಸಲ್ಲವಂತೆ."

ಅಮ್ಮನ ಮುಂದೆ ಹಲಗೆಯ ಮೇಲೆ ಪಕ್ಕದ ಬೀದಿಯ ಪುಟ್ಟ ಹುಡುಗಿ ಕೂತಿದ್ದಳು. ಬಿಳಿ ಬಟ್ಟೆ ಕತ್ತಿಗೆ ಬಿಗಿದಾಗಿತ್ತು. ಮಗು ತುಟಿ ಸೊಟ್ಟ ಮಾಡಿ, "ಬೇಡಾ," ಎಂದು ಶುರು ಮಾಡಿತು.

"ಅತ್ತರೆ ಅಳಲಿ, ನೀವು ಕತ್ತರಿಸಿ," ಎಂದಳು ಅದರ ತಾಯಿ, ನಗಲು ಸಿದ್ಧಳಾಗಿ. "ಹೇಳಿ ನಿಮ್ಮ ಮಾತು. ಅದನ್ನ ಕೇಳಿದ್ರೇ ಇವಳು ಸುಮ್ಮನಾಗೋದು."

ಅಮ್ಮ ಕತ್ತರಿ ಕೆಳಗಿಳಿಸಿದಳು. ಪರದೆ ಸರಿಯಿತು. ಮಗಳು ಬಂದಳು, ಕಣ್ಣು ಕೆಂಪಗಿತ್ತು. ವಿಚಾರಣೆ ಮುಗಿಸಿ ಬಂದ ಮೇಲೆ ಅವಳು ಇತ್ತ ಕಾಲಿಟ್ಟದ್ದು ಇದೇ ಮೊದಲು. ಹಳೆಯ ಅಭ್ಯಾಸದಂತೆ ಮಗುವಿನ ಮುಂದೆ ಬಂದು ನಿಂತಳು. ಆದರೆ ಕೈ ಹಿಡಿಯಲಿಲ್ಲ. ಮಂಡಿಯೂರಿ ಕೂತು, ಬಟ್ಟೆಯೊಳಗಿಂದ ಮಗುವಿನ ಕೈಗಳನ್ನು ಹೊರಗೆ ಬಿಟ್ಟಳು.

"ಎಷ್ಟು ಕತ್ತರಿಸ್ಬೇಕು? ನೀನೇ ತೋರಿಸು."

ಮಗು ಬಿಕ್ಕುತ್ತಲೇ ಯೋಚಿಸಿತು. ಹೆಬ್ಬೆರಳು ತೋರುಬೆರಳು ಜೋಡಿಸಿ, ನಡುವೆ ಒಂದು ಕಾಳು ಹಿಡಿಸುವಷ್ಟು ಜಾಗ ಬಿಟ್ಟು, ಎತ್ತಿ ತೋರಿಸಿತು.

"ಅಷ್ಟೇನಾ?"

ಮಗು ಬೆರಳುಗಳನ್ನು ಇನ್ನಷ್ಟು ಹತ್ತಿರ ತಂದಿತು. ಅಮ್ಮ ಬಗ್ಗಿ, ಕನ್ನಡಿಯಲ್ಲಿ ಆ ಪುಟ್ಟ ಬೆರಳುಗಳನ್ನೇ ನೋಡುತ್ತ, ಕಾದಳು.